ಪುಟ ಮಗುಚುವ ಮೂರನೆಯ ಕೈ

ವೇದಿಕೆಯ ಮೇಲೊಂದು ಪಿಯಾನೊ. ಅದರ ಮುಂದೆ ವಾದಕಿ. ಅವರ ಎಡಕ್ಕೆ, ತುಸು ಹಿಂದೆ, ಇನ್ನೊಂದು ಕುರ್ಚಿಯಲ್ಲಿ ಮತ್ತೊಬ್ಬರು ಸುಮ್ಮನೆ ಕುಳಿತಿದ್ದಾರೆ. ಈ ಮತ್ತೊಬ್ಬರ ಹೆಸರು ಸಾಮಾನ್ಯವಾಗಿ ಆಮಂತ್ರಣ ಪತ್ರಿಕೆಯಲ್ಲಿ ಇರುವುದಿಲ್ಲ. ಅವರಿಗಾಗಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಿಮಿಷಕ್ಕೊಮ್ಮೆ ಮೆಲ್ಲನೆ ಎದ್ದು, ಎಡಗೈ ಚಾಚಿ, ಬಲಪುಟದ ಮೇಲ್ಮೂಲೆಯನ್ನು ಹಿಡಿದು, ವಾದಕಿ ತಲೆಯಾಡಿಸಿದ ಕ್ಷಣಕ್ಕೆ ಹಾಳೆ ಮಗುಚಿ ಮತ್ತೆ ಕುಳಿತುಬಿಡುವುದಷ್ಟೇ ಅವರ ಕೆಲಸ.

ಕೆಲಸ ಸಣ್ಣದು. ತಪ್ಪಿದರೆ ಮಾತ್ರ ಸಣ್ಣದಲ್ಲ. ಎರಡು ಹಾಳೆ ಅಂಟಿಕೊಂಡು ಒಟ್ಟಿಗೇ ಬಂದರೆ, ಫ್ಯಾನಿನ ಗಾಳಿಗೆ ಹಾಳೆ ಹಿಂದಕ್ಕೆ ಬಿದ್ದರೆ, ಅರ್ಧ ಸೆಕೆಂಡು ತಡವಾದರೆ, ವಾದಕಿಯ ಕಣ್ಣೆದುರು ಮುಂದಿನ ಸ್ವರವೇ ಇಲ್ಲ! ತಿಂಗಳುಗಟ್ಟಲೆ ಮಾಡಿದ ಸಾಧನೆ ಆ ಒಂದು ಹಾಳೆಯ ಮೇಲೆ ನಿಂತಿರುತ್ತದೆ. 2006ರಲ್ಲಿ ತೆರೆಕಂಡ ಫ್ರೆಂಚ್ ಚಿತ್ರವೊಂದರಲ್ಲಿ ಪಿಯಾನೊ ವಾದಕಿಯೊಬ್ಬಳ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟ ಹುಡುಗಿ ಯಾವ ಕೆಲಸಕ್ಕೆ ಸೇರಿಕೊಳ್ಳುತ್ತಾಳೆ ಗೊತ್ತೆ? ಪುಟ ಮಗುಚುವ ಕೆಲಸಕ್ಕೆ. ಚಿತ್ರದ ನಿರ್ದೇಶಕ ಡೆನಿ ದೆರ್ಕೂರ್ ಸ್ವತಃ ವಿಯೋಲಾ ವಾದಕ. ವಾದಕರ ಮರ್ಮಸ್ಥಾನ ಎಲ್ಲಿದೆ ಎಂಬುದು ಅವರಿಗೆ ಚೆನ್ನಾಗಿಯೇ ತಿಳಿದಿತ್ತು.

ಈಗ ಆ ಎರಡನೆಯ ಕುರ್ಚಿ ಅನೇಕ ವೇದಿಕೆಗಳಲ್ಲಿ ಖಾಲಿಯಾಗುತ್ತಿದೆ. ಪುಸ್ತಕದ ಜಾಗದಲ್ಲಿ ಟ್ಯಾಬ್ಲೆಟ್ ಬಂದಿದೆ. ಪುಟ ಮಗುಚುವ ಕೈಯ ಬದಲಿಗೆ ಕಾಲು, ಕಣ್ಣು, ತಲೆ, ಕೊನೆಗೆ ಗಣಕದ ಕಿವಿ ಕೂಡ ಕೆಲಸಕ್ಕೆ ಇಳಿದಿವೆ. ಒಂದು ಹಾಳೆ ಮಗುಚಲು ಇಷ್ಟೆಲ್ಲ ಬೇಕೆ ಎಂದು ನಗು ಬರಬಹುದು. ಆದರೆ ಈ ಪುಟ್ಟ ಸಮಸ್ಯೆಯ ಒಳಗೊಂದು ದೊಡ್ಡ ಪ್ರಶ್ನೆ ಅಡಗಿದೆ: ಯಂತ್ರ ನಾವು ಹೇಳಿದ್ದನ್ನು ಮಾಡಬೇಕೋ, ನಮ್ಮ ಮನಸ್ಸನ್ನು ಊಹಿಸಿ ತಾನೇ ಮಾಡಬೇಕೋ?

ನೋಡಿ ನುಡಿಸುವುದೇಕೆ?

ನಮ್ಮ ಕರ್ನಾಟಕ ಸಂಗೀತದ ಕಚೇರಿಯಲ್ಲಿ ಈ ತೊಂದರೆ ಅಷ್ಟಾಗಿ ಕಾಣದು. ಕೀರ್ತನೆ ಕಂಠಪಾಠ, ಆಲಾಪನೆ, ಸ್ವರಕಲ್ಪನೆಗಳು ಅಲ್ಲೇ ಹುಟ್ಟುವಂಥವು. ಬರೆದ ಸ್ವರ ಕಲಿಯುವಾಗಿನ ಊರುಗೋಲು, ವೇದಿಕೆಯ ಸಂಗಾತಿಯಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರೀತಿಯೇ ಬೇರೆ. ಅಲ್ಲಿ ರಚನೆಕಾರ ಪ್ರತಿಯೊಂದು ಸ್ವರವನ್ನೂ ಬರೆದಿಟ್ಟಿರುತ್ತಾನೆ. ಎಲ್ಲಿ ಮೆಲ್ಲಗೆ, ಎಲ್ಲಿ ಜೋರು, ಯಾವುದು ಬಿಡಿ, ಯಾವುದು ಕೂಡಿಸಿ ಎಂಬುದೂ ಬರಹದಲ್ಲೇ ಇರುತ್ತದೆ.

ಅಲ್ಲಿಯೂ ಬಾಯಿಪಾಠ ನುಡಿಸುವವರು ಇಲ್ಲದಿಲ್ಲ. ಮುಂದೆ ಕ್ಲಾರಾ ಶೂಮನ್ ಎಂದು ಹೆಸರಾದ ಕ್ಲಾರಾ ವೀಕ್ 1837ರಲ್ಲಿ ಬರ್ಲಿನ್ನಿನಲ್ಲಿ ಪುಸ್ತಕವಿಲ್ಲದೆ ಬೀಥೊವನ್‌ನ ಕೃತಿ ನುಡಿಸಿದಾಗ ಅದನ್ನು ಅಹಂಕಾರವೆಂದು ಜರೆದವರಿದ್ದರು. ಮುಂದೆ ಅದೇ ರೂಢಿಯಾಗಿ, ಏಕವ್ಯಕ್ತಿ ವಾದನದಲ್ಲಿ ಪುಸ್ತಕ ಇಟ್ಟುಕೊಳ್ಳುವುದೇ ಕೊರತೆ ಎನ್ನುವಂತಾಯಿತು. ಆದರೂ ರಷ್ಯದ ಮಹಾನ್ ಪಿಯಾನೊ ವಾದಕ ಸ್ವಿಯಾಟೊಸ್ಲಾವ್ ರಿಕ್ಟರ್ ಕೊನೆಯ ವರ್ಷಗಳಲ್ಲಿ ಕತ್ತಲ ಸಭಾಂಗಣದಲ್ಲಿ ಒಂದು ಪುಟ್ಟ ದೀಪ ಹಚ್ಚಿಕೊಂಡು, ಪುಸ್ತಕ ತೆರೆದಿಟ್ಟು, ಪಕ್ಕದಲ್ಲಿ ಪುಟ ಮಗುಚುವವರನ್ನು ಕೂರಿಸಿಕೊಂಡೇ ನುಡಿಸುತ್ತಿದ್ದರು. ಇನ್ನು ಹಾಡುಗಾರರಿಗೆ ಪಕ್ಕವಾದ್ಯ ನುಡಿಸುವ ಪಿಯಾನೊದವರು, ವಾದ್ಯವೃಂದದವರು, ಚರ್ಚಿನ ಆರ್ಗನ್ ವಾದಕರು ವಾರಕ್ಕೊಂದು ಹೊಸ ಕೃತಿ ಎದುರಿಸುವವರು. ಅವರಿಗೆ ಪುಸ್ತಕ ಬೇಕೇ ಬೇಕು.

ಕನ್ನಡ ನಾಡಿಗೂ ಈ ಸಂಗೀತ ಹೊಸದಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೊ ಕಲಿತವರು. ರಷ್ಯದ ನಿಕೊಲಾಯ್ ಮೆಟ್ನರ್ ಮುಪ್ಪಿನಲ್ಲಿ ಲಂಡನ್ನಿನಲ್ಲಿದ್ದಾಗ, ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣದ ನೆರವು ಕೊಟ್ಟವರು ಇದೇ ಮಹಾರಾಜರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. ಇಂದು ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಪಿಯಾನೊ, ಕೀಬೋರ್ಡ್, ಪಿಟೀಲು ಕಲಿತು ಲಂಡನ್ನಿನ ಮಂಡಳಿಗಳ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳು ಬಹಳ. ಪುಟ ಮಗುಚುವ ಪೇಚು ಅವರ ಮನೆಗೂ ಬಂದಿದೆ.

ಒಂದು ಸಣ್ಣ ಲೆಕ್ಕ

ನಮ್ಮ ಆವರ್ತನದ ಹಾಗೆ ಅವರಲ್ಲಿ ‘ಬಾರ್’ ಎಂಬ ಅಳತೆ ಇದೆ. ನಿಮಿಷಕ್ಕೆ 120 ಪೆಟ್ಟುಗಳ ವೇಗದಲ್ಲಿ, ಬಾರ್ ಒಂದಕ್ಕೆ ನಾಲ್ಕು ಪೆಟ್ಟುಗಳಿದ್ದರೆ, ಒಂದು ಬಾರ್ ಮುಗಿಯಲು 2 ಸೆಕೆಂಡು. ಪುಟಕ್ಕೆ 20 ಬಾರ್ ಹಿಡಿಸಿದರೆ 40 ಸೆಕೆಂಡಿಗೆ ಪುಟ ಖಾಲಿ.

ಆದರೆ ಕೊನೆಯ ಸ್ವರ ನುಡಿಸಿದ ಮೇಲೆ ಪುಟ ಮಗುಚಿದರೆ ಕೆಲಸ ಕೆಟ್ಟಿತು. ಓದುವ ಕಣ್ಣು ನುಡಿಸುವ ಕೈಗಿಂತ ಯಾವಾಗಲೂ ಮುಂದಿರುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜಾನ್ ಸ್ಲೊಬೊಡಾ 1974ರಲ್ಲಿ ಇದನ್ನು ಅಳೆದರು. ವಾದಕರು ನುಡಿಸುತ್ತಿರುವಾಗಲೇ ಎದುರಿನ ಬರಹವನ್ನು ಥಟ್ಟನೆ ಮರೆಮಾಡುವುದು, ಆಮೇಲೆ ಅವರು ಎಷ್ಟು ಸ್ವರ ಸರಿಯಾಗಿ ನುಡಿಸುತ್ತಾರೆಂದು ಎಣಿಸುವುದು. ಚೆನ್ನಾಗಿ ಓದಬಲ್ಲವರು ಸುಮಾರು ಆರೇಳು ಸ್ವರಗಳನ್ನು ನುಡಿಸಿದರು. ಓದು ಹಿಡಿತಕ್ಕೆ ಬಾರದವರು ಮೂರು ನಾಲ್ಕಕ್ಕೇ ನಿಂತರು. ಅಂದರೆ ಕೈ ಈ ಪುಟದಲ್ಲಿರುವಾಗಲೇ ಕಣ್ಣು ಮುಂದಿನ ಪುಟವನ್ನು ಬೇಡುತ್ತಿರುತ್ತದೆ. ಪುಟ ಮಗುಚುವವರು ಬೇಗ ಮಗುಚಿದರೂ ತಪ್ಪು, ತಡಮಾಡಿದರೂ ತಪ್ಪು. ಸರಿಯಾದ ಗಳಿಗೆ ಪೆಟ್ಟೊಂದೆರಡರಷ್ಟೇ ಅಗಲ.

ಕಾಗದದ ಕಾಲದ ಉಪಾಯಗಳು

ಹಳೆಯ ಮುದ್ರಕರಿಗೆ ಈ ಕಷ್ಟ ಗೊತ್ತಿತ್ತು. ವಾದಕನಿಗೆ ಕೈ ಬಿಡುವಾಗುವ ಜಾಗದಲ್ಲೇ ಪುಟ ಮುಗಿಯುವಂತೆ ಸಾಲುಗಳನ್ನು ಹೊಂದಿಸುತ್ತಿದ್ದರು. ಹಾಗೆ ಆಗದಿದ್ದರೆ ಪುಟದ ಬುಡದಲ್ಲಿ ‘ವೋಲ್ಟಿ ಸುಬಿಟೊ’ ಎಂಬ ಇಟಾಲಿಯನ್ ಎಚ್ಚರಿಕೆ. ಅರ್ಥ: ಬೇಗ ಮಗುಚು!

ವಾದ್ಯವೃಂದದ ಪಿಟೀಲಿನವರದು ಇನ್ನೊಂದು ಉಪಾಯ. ಇಬ್ಬರಿಗೆ ಒಂದು ಸ್ಟ್ಯಾಂಡ್, ಒಂದು ಪುಸ್ತಕ. ಪುಟ ಮುಗಿದಾಗ ಒಳಬದಿಯಲ್ಲಿ ಕೂತವರು ನುಡಿಸುವುದನ್ನು ನಿಲ್ಲಿಸಿ ಹಾಳೆ ಮಗುಚುತ್ತಾರೆ. ಹೊರಬದಿಯವರು ನುಡಿಸುತ್ತಲೇ ಇರುತ್ತಾರೆ. ಅಷ್ಟು ಹೊತ್ತು ಆ ಜೋಡಿಯ ಅರ್ಧ ನಾದ ಮಾಯ. ಎಲ್ಲ ಜೋಡಿಗಳದೂ ಪುಟ ಒಂದೇ ಕಡೆ ಮುಗಿದರೆ ಪಿಟೀಲಿನ ಅರ್ಧ ಬಲ ಒಮ್ಮೆಲೇ ಕುಗ್ಗುತ್ತದೆ.

ಕಾಲಿನಿಂದ ಒತ್ತಿದರೆ ಸನ್ನೆಕೋಲು ಎದ್ದು ಹಾಳೆ ಮಗುಚುವ ಯಂತ್ರಗಳಿಗೆ ಹತ್ತೊಂಬತ್ತನೆಯ ಶತಮಾನದಿಂದಲೇ ಪೇಟೆಂಟುಗಳಿವೆ. ಅವು ಯಾವುವೂ ಮನುಷ್ಯನ ಬೆರಳಿಗೆ ಸಾಟಿಯಾಗಲಿಲ್ಲ. ಕಾಗದ ಹಠಮಾರಿ. ಹೊಸದಾದರೆ ಸೆಟೆದು ನಿಲ್ಲುತ್ತದೆ, ಹಳೆಯದಾದರೆ ಅಂಟಿಕೊಳ್ಳುತ್ತದೆ, ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ಕಾಗದವೇ ತೊಲಗುವವರೆಗೆ ಈ ಸಮಸ್ಯೆಗೆ ಪೂರ್ತಿ ಬಿಡುಗಡೆ ಇರಲಿಲ್ಲ.

ಹಾಳೆ ಹೋಗಿ ಹಲಗೆ ಬಂತು

ಕಾಗದ ತೊಲಗಲು ಎರಡು ಸಂಗತಿಗಳು ಕೂಡಿಬರಬೇಕಾಯಿತು. ಮೊದಲನೆಯದು, ಸ್ವರಲಿಪಿಯೇ ಗಣಕಕ್ಕೆ ಏರಿದ್ದು. ಎಡ್ವರ್ಡ್ ಗುವೊ ಎಂಬ ಸಂಗೀತ ವಿದ್ಯಾರ್ಥಿ 2006ರಲ್ಲಿ ಕೆನಡಾದಿಂದ ಒಂದು ಅಂತರಜಾಲ ಗ್ರಂಥಾಲಯ ಆರಂಭಿಸಿದ. ಕೃತಿಸ್ವಾಮ್ಯ ಮುಗಿದ ರಚನೆಗಳ ಹಳೆಯ ಮುದ್ರಣಗಳನ್ನು ಯಾರು ಬೇಕಾದರೂ ಅಲ್ಲಿಂದ ಇಳಿಸಿಕೊಳ್ಳಬಹುದಿತ್ತು. ಯುರೋಪಿನ ಪ್ರಕಾಶಕರೊಬ್ಬರ ವಕೀಲರ ನೋಟಿಸಿನಿಂದಾಗಿ 2007ರಲ್ಲಿ ಬಾಗಿಲು ಮುಚ್ಚಿದ ಈ ಗ್ರಂಥಾಲಯ 2008ರಲ್ಲಿ ಮತ್ತೆ ತೆರೆಯಿತು. ಐ.ಎಂ.ಎಸ್.ಎಲ್.ಪಿ. ಎಂಬ ಹೆಸರಿನ ಈ ಭಂಡಾರವನ್ನು ಅರಿಯದ ಪಿಯಾನೊ ವಿದ್ಯಾರ್ಥಿ ಇಂದು ಅಪರೂಪ.

ಎರಡನೆಯದು, ಓದಲು ಹದವಾದ ಹಲಗೆ. 2010ರಲ್ಲಿ ಬಂದ ಮೊದಲ ಐಪ್ಯಾಡ್‌ನ ಪರದೆ ಮೂಲೆಯಿಂದ ಮೂಲೆಗೆ 9.7 ಅಂಗುಲ. ನಮ್ಮ ಎ4 ಹಾಳೆಯನ್ನು ಹಾಗೆಯೇ ಅಳೆದರೆ 14.3 ಅಂಗುಲ ಬರುತ್ತದೆ. ಸ್ವರಗಳು ಇರುವೆಗಳಂತೆ ಕಂಡವು. 2015ರಲ್ಲಿ 12.9 ಅಂಗುಲದ ಪರದೆ ಬಂದ ಮೇಲೆ ಹಾಳೆಗೂ ಹಲಗೆಗೂ ಅಂತರ ಕಡಿಮೆಯಾಯಿತು.

ವಾದಕರು ಅಲ್ಲಿಯವರೆಗೂ ಕಾದು ಕೂತಿರಲಿಲ್ಲ. ಅಮೆರಿಕದ ಬೊರೊಮಿಯೊ ಎಂಬ ನಾಲ್ವರ ತಂಡ 2007ರ ಸುಮಾರಿಗೇ ಲ್ಯಾಪ್‌ಟಾಪ್ ನೋಡಿ, ಕಾಲಲ್ಲಿ ಪುಟ ಮಗುಚಿ ನುಡಿಸತೊಡಗಿತ್ತು. ಅವರ ಲಾಭ ಬರೀ ಅನುಕೂಲವಷ್ಟೇ ಆಗಿರಲಿಲ್ಲ. ಕಾಗದದ ಪುಸ್ತಕದಲ್ಲಿ ಪ್ರತಿಯೊಬ್ಬ ವಾದಕನಿಗೂ ಅವನ ಪಾಲಿನ ಸಾಲು ಮಾತ್ರ ಇರುತ್ತದೆ. ನಾಲ್ವರ ಸಾಲುಗಳನ್ನೂ ಮುದ್ರಿಸಿದರೆ ಪುಟಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿ, ಹಾಳೆ ಮಗುಚುವುದರಲ್ಲೇ ಕಚೇರಿ ಮುಗಿದೀತು. ಕಾಲು ಪುಟ ಮಗುಚತೊಡಗಿದ ಮೇಲೆ ನಾಲ್ವರೂ ಪೂರ್ಣ ಕೃತಿಯನ್ನೇ ಕಣ್ಣೆದುರು ಇಟ್ಟುಕೊಂಡರು. ತನ್ನ ಸ್ವರ ನುಡಿಸುವಾಗ ಉಳಿದ ಮೂವರು ಏನು ಮಾಡುತ್ತಿದ್ದಾರೆಂಬುದು ಪ್ರತಿಯೊಬ್ಬರಿಗೂ ಕಂಡಿತು. 2012ರಲ್ಲಿ ಬೆಲ್ಜಿಯಮ್ಮಿನ ಬ್ರಸೆಲ್ಸ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಕಾಗದ ಬದಿಗಿಟ್ಟು, ಟ್ಯಾಬ್ಲೆಟ್ ನೋಡಿಯೇ ಕಚೇರಿ ನಡೆಸಿತು.

ಇಲ್ಲೊಂದು ಸ್ವಾರಸ್ಯವಿದೆ. ತೆರೆದ ಪುಸ್ತಕದಲ್ಲಿ ಎರಡು ಪುಟ ಒಟ್ಟಿಗೆ ಕಾಣುತ್ತವೆ, ಹಲಗೆಯಲ್ಲಿ ಒಂದೇ. 24 ಪುಟದ ಕೃತಿಯನ್ನು ಎಡಪುಟದಿಂದ ಆರಂಭಿಸಿದರೆ ಕಾಗದದಲ್ಲಿ 11 ಸಲ ಮಗುಚಿದರೆ ಸಾಕು. ಹಲಗೆಯಲ್ಲಿ 23 ಸಲ! ಹೊಸ ಸಾಧನ ಹಳೆಯ ತೊಂದರೆಯನ್ನು ದುಪ್ಪಟ್ಟು ಮಾಡಿತು. ಹಾಗಾಗಿಯೇ ಕೈ ಬಳಸದೆ ಪುಟ ಮಗುಚುವುದು ಶೋಕಿಯ ಮಾತಾಗಿ ಉಳಿಯದೆ ಅಗತ್ಯವಾಯಿತು.

ಕಾಲಿಗೊಂದು ಕೀಲಿಮಣೆ

ಈಗ ಹೆಚ್ಚು ಬಳಕೆಯಲ್ಲಿರುವುದು ಕಾಲಿನ ಪೆಡಲ್. ಅಂಗೈ ಅಗಲದ ಎರಡು ಒತ್ತುಗುಂಡಿಗಳು. ಬಲಗಡೆಯದನ್ನು ಒತ್ತಿದರೆ ಮುಂದಿನ ಪುಟ, ಎಡಗಡೆಯದನ್ನು ಒತ್ತಿದರೆ ಹಿಂದಿನದು. ತಂತಿಯಿಲ್ಲ. ಬ್ಲೂಟೂತ್ ಎಂಬ ಅಲ್ಪದೂರದ ರೇಡಿಯೊ ಸಂಪರ್ಕದಲ್ಲಿ ಸಂದೇಶ ಹೋಗುತ್ತದೆ. ಅಮೆರಿಕದ ಪಿಯಾನೊ ವಾದಕ ಹ್ಯೂ ಸಂಗ್ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲೇ ಕಾಗದ ಬಿಟ್ಟು ಗಣಕ ಹಿಡಿದವರು. ಇಂಥ ಪೆಡಲುಗಳನ್ನು ಮಾಡುವ ಏರ್‌ಟರ್ನ್ ಕಂಪೆನಿಯ ಸ್ಥಾಪಕರಲ್ಲಿ ಅವರೂ ಒಬ್ಬರು.

ಪೆಡಲ್‌ನ ಜಾಣತನ ಅದರ ವೇಷದಲ್ಲಿದೆ. ‘ನಾನು ಪುಟ ಮಗುಚುವ ಯಂತ್ರ’ ಎಂದು ಅದು ಟ್ಯಾಬ್ಲೆಟ್‌ಗೆ ಹೇಳಿಕೊಳ್ಳುವುದೇ ಇಲ್ಲ. ‘ನಾನೊಂದು ಕೀಲಿಮಣೆ’ ಎನ್ನುತ್ತದೆ. ಎರಡೇ ಕೀಲಿಗಳ ಕೀಲಿಮಣೆ! ಬಲಪೆಡಲ್ ಒತ್ತಿದರೆ ‘ಪೇಜ್ ಡೌನ್’ ಅಥವಾ ಬಾಣದ ಕೀಲಿ ಒತ್ತಿದ ಸಂಕೇತ ಹೋಗುತ್ತದೆ. ಕೀಲಿಮಣೆ ಎಂದರೇನೆಂದು ಎಲ್ಲ ಗಣಕಗಳಿಗೂ ಹುಟ್ಟಿನಿಂದಲೇ ಗೊತ್ತು. ಹಾಗಾಗಿ ಒಂದೇ ಪೆಡಲ್ ಬೇರೆ ಬೇರೆ ಕಂಪೆನಿಗಳ ಟ್ಯಾಬ್ಲೆಟ್‌ಗಳ ಜತೆ ಹೊಂದಿಕೊಳ್ಳುತ್ತದೆ.

ಕಣ್ಣು ಮುಂದೋಡುವ ಸಮಸ್ಯೆಗೂ ತಂತ್ರಾಂಶದವರು ಒಂದು ಉಪಾಯ ಕಂಡುಕೊಂಡರು. ಅದು ‘ಅರ್ಧಪುಟ’ದ ಏರ್ಪಾಡು. ಪುಟದ ನಡುವಿಗೆ ಬಂದಾಗ ಪೆಡಲ್ ಒತ್ತಿದರೆ, ಓದಿ ಮುಗಿದ ಮೇಲರ್ಧದ ಜಾಗದಲ್ಲಿ ಮುಂದಿನ ಪುಟದ ಮೇಲರ್ಧ ಬಂದು ಕೂರುತ್ತದೆ. ಕೆಳಗಿನ ಅರ್ಧ ಹಾಗೆಯೇ ಇರುತ್ತದೆ. ಕೆಳಗಿನದು ಮುಗಿಯುತ್ತಿದ್ದಂತೆ ಕಣ್ಣು ಮೇಲಕ್ಕೆ ಜಿಗಿದರೆ ಅಲ್ಲಿ ಮುಂದಿನ ಸಾಲು ಸಿದ್ಧ. ಕಾಗದದಲ್ಲಿ ಹೀಗೆ ಮಾಡಲು ಹಾಳೆಯನ್ನು ಅಡ್ಡಲಾಗಿ ಕತ್ತರಿಸಬೇಕಿತ್ತು.

ಕಾಲಿಗೂ ಬಿಡುವಿಲ್ಲದಿದ್ದರೆ?

ಪೆಡಲ್‌ನಿಂದ ಎಲ್ಲರ ಕಷ್ಟವೂ ತೀರದು. ಆರ್ಗನ್ ವಾದಕರ ಎರಡು ಕೈಗಳು ಮೇಲಿನ ಮನೆಗಳ ಮೇಲೆ, ಎರಡು ಕಾಲುಗಳು ಕೆಳಗಿನ ಮನೆಗಳ ಮೇಲೆ. ಹಾರ್ಪ್ ಎಂಬ ದೊಡ್ಡ ತಂತಿವಾದ್ಯಕ್ಕೆ ಏಳು ಪೆಡಲುಗಳು. ಶ್ರುತಿ ಬದಲಿಸಲು ಎರಡೂ ಕಾಲು ಬೇಕು. ಪಿಯಾನೊ ವಾದಕರ ಬಲಗಾಲು ನಾದ ಹಿಡಿದಿಡುವ ಪೆಡಲ್ ಮೇಲಿರುತ್ತದೆ. ಎಡಗಾಲು ಕೂಡ ಆಗಾಗ ನಾದ ತಗ್ಗಿಸುವ ಪೆಡಲ್‌ಗೆ ಹೋಗಬೇಕಾಗುತ್ತದೆ.

ಉಳಿದಿರುವುದು ಮುಖ. ಫೋರ್‌ಸ್ಕೋರ್ ಎಂಬ ತಂತ್ರಾಂಶ 2020ರಲ್ಲಿ ಮುಖಚರ್ಯೆಯಿಂದ ಪುಟ ಮಗುಚುವ ಅನುಕೂಲ ತಂದಿತು. ಟ್ಯಾಬ್ಲೆಟ್‌ನ ಕ್ಯಾಮೆರಾ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ 30,000ಕ್ಕೂ ಹೆಚ್ಚು ಚುಕ್ಕಿಗಳನ್ನು ಮುಖದ ಮೇಲೆ ಚೆಲ್ಲಿ, ಅವು ಹೇಗೆ ಬಿದ್ದಿವೆ ಎಂಬುದರಿಂದ ಮುಖದ ಏರುತಗ್ಗುಗಳನ್ನು ಅಳೆಯುತ್ತದೆ. ಮುಖ ಗುರುತಿಸಿ ಬೀಗ ತೆರೆಯಲೆಂದು ಇಟ್ಟ ಸಾಧನವೇ ಇಲ್ಲಿ ಪುಟ ಮಗುಚುವ ಸಾಧನವಾಯಿತು. ತಲೆಯನ್ನು ತುಸು ಬಲಕ್ಕೆ ತಿರುಗಿಸಿ, ಇಲ್ಲವೇ ಬಲಗಣ್ಣು ಮಿಟುಕಿಸಿ, ಇಲ್ಲವೇ ತುಟಿಯನ್ನು ಒಂದು ಬದಿಗೆ ಸೊಟ್ಟಗೆ ಮಾಡಿ, ಪುಟ ಮಗುಚುತ್ತದೆ.

ತೊಂದರೆ ಏನೆಂದು ನೀವು ಊಹಿಸಿರಬಹುದು. ಸಂಗೀತಗಾರರು ಕಲ್ಲಿನ ವಿಗ್ರಹಗಳಲ್ಲ. ಭಾವ ಉಕ್ಕಿದರೆ ತಲೆ ತೂಗುತ್ತಾರೆ, ಕಣ್ಣು ಮುಚ್ಚುತ್ತಾರೆ, ಜತೆಯವರತ್ತ ತಿರುಗಿ ಸನ್ನೆ ಮಾಡುತ್ತಾರೆ. ಕೊಳಲಿನವರ ತುಟಿಗೆ ಬೇರೆಯೇ ಕೆಲಸವಿದೆ. ಇದರಲ್ಲಿ ಯಾವುದು ಅಪ್ಪಣೆ, ಯಾವುದು ರಸಾನುಭವ ಎಂದು ಕ್ಯಾಮೆರಾಕ್ಕೆ ತಿಳಿಯುವುದು ಹೇಗೆ? ಅದಕ್ಕಾಗಿ ಚರ್ಯೆ ಎಷ್ಟು ಗಾಢವಾಗಿರಬೇಕೆಂದು ಮೊದಲೇ ಗೊತ್ತುಪಡಿಸಿ ಇಡಬೇಕಾಗುತ್ತದೆ. ಯಂತ್ರಕ್ಕೆ ಅರ್ಥವಾಗಲೆಂದು ವಾದಕ ತನ್ನ ಮುಖವನ್ನೇ ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಇದೂ ಒಂದು ಬಗೆಯ ಸುಂಕವೇ.

ಕೇಳಿಸಿಕೊಳ್ಳುವ ಗಣಕ

ಹಾಗಾದರೆ ಅಪ್ಪಣೆಯ ಗೊಡವೆಯೇ ಬೇಡ. ಗಣಕವೇ ಸಂಗೀತ ಕೇಳಿ, ವಾದಕ ಎಲ್ಲಿದ್ದಾನೆಂದು ತಿಳಿದು, ತಾನೇ ಪುಟ ಮಗುಚಿದರೆ? ಈ ಕನಸು ಹೊಸದಲ್ಲ. ಅಮೆರಿಕದ ರೋಜರ್ ಡ್ಯಾನನ್‌ಬರ್ಗ್ ಮತ್ತು ಬ್ಯಾರಿ ವರ್ಕೊ 1984ರಲ್ಲೇ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ವಾದಕನನ್ನು ಹಿಂಬಾಲಿಸುವ ಗಣಕದ ವಿಧಾನಗಳನ್ನು ಮಂಡಿಸಿದ್ದರು. ಆಸ್ಟ್ರಿಯದ ಲಿಂಟ್ಸ್ ನಗರದ ಆಂಡ್ರಿಯಾಸ್ ಆರ್ಟ್ಸ್ಟ್, ಗೆರ್ಹಾರ್ಡ್ ವಿಡ್ಮರ್ ಮತ್ತು ಅವರ ಸಹೋದ್ಯೋಗಿ ಸೈಮನ್ ಡಿಕ್ಸನ್ 2008ರಲ್ಲಿ ಅದನ್ನು ಪುಟ ಮಗುಚುವುದಕ್ಕೇ ಅಳವಡಿಸಿದ ಬಗೆಯನ್ನು ವಿವರಿಸಿದರು. 2011ರಲ್ಲಿ ಇಸ್ರೇಲಿನಿಂದ ಬಂದ ಟೊನಾರಾ ಎಂಬ ತಂತ್ರಾಂಶ ಐಪ್ಯಾಡ್‌ನಲ್ಲಿ ಇದನ್ನು ಮಾಡಿ ತೋರಿಸಿತು.

ಕೆಲಸದ ಬಗೆ ತಿಳಿಯಲು ಬೆಂಗಳೂರಿನಿಂದ ಮೈಸೂರಿಗೆ ಹಳೆಯ ರಸ್ತೆಯಲ್ಲಿ ಹೊರಟ ಬಸ್ಸನ್ನು ನೆನೆಯಿರಿ. ಕಿಟಕಿಯ ಬಳಿ ಕೂತವರ ಕೈಯಲ್ಲಿ ಗಡಿಯಾರವಿಲ್ಲ, ಬಸ್ಸಿನ ವೇಗವೂ ಗೊತ್ತಿಲ್ಲ. ಆದರೂ ಎಲ್ಲಿದ್ದೇವೆಂದು ಹೇಳಬಲ್ಲರು. ಬಂಡೆಗಳ ಬೆಟ್ಟ ಕಂಡರೆ ರಾಮನಗರ, ಬಣ್ಣದ ಗೊಂಬೆಗಳ ಅಂಗಡಿ ಕಂಡರೆ ಚನ್ನಪಟ್ಟಣ, ವಡೆಯ ವಾಸನೆ ಬಂದರೆ ಮದ್ದೂರು. ಬಸ್ಸು ಓಡಲಿ, ತೆವಳಲಿ, ಊರುಗಳ ಕ್ರಮ ಬದಲಾಗುವುದಿಲ್ಲ. ಗಣಕವೂ ಹೀಗೆಯೇ ಮಾಡುತ್ತದೆ. ಮೈಕಿನಿಂದ ಬಂದ ನಾದವನ್ನು ಸೆಕೆಂಡಿಗೆ ಹತ್ತಾರು ಚೂರುಗಳಾಗಿ ಕತ್ತರಿಸಿ, ಪ್ರತಿಯೊಂದರಲ್ಲೂ ಯಾವ ಯಾವ ಸ್ವರ ಎಷ್ಟು ಬಲವಾಗಿದೆಯೆಂದು ಅಳೆದು, ಬರೆದಿಟ್ಟ ಸ್ವರಗಳ ಸಾಲಿನಲ್ಲಿ ಅದಕ್ಕೆ ಹೋಲುವ ಜಾಗ ಹುಡುಕುತ್ತದೆ. ವಾದಕ ನಿಧಾನಿಸಿದರೂ ಅವಸರಿಸಿದರೂ ಜಾಗ ತಪ್ಪುವುದಿಲ್ಲ.

ಆದರೆ ಮದ್ದೂರಿನಂತೆಯೇ ಕಾಣುವ ಇನ್ನೊಂದು ಊರು ದಾರಿಯಲ್ಲಿದ್ದರೆ? ಸಂಗೀತದಲ್ಲಿ ಇಂಥ ಅವಳಿ ಊರುಗಳು ಹೇರಳ. ಒಂದೇ ಧಾಟಿ ಎರಡನೆಯ ಪುಟದಲ್ಲೂ ಐದನೆಯ ಪುಟದಲ್ಲೂ ಬರುತ್ತದೆ. ಇನ್ನು ಮನೆಯಲ್ಲಿ ಅಭ್ಯಾಸ ಮಾಡುವ ಹುಡುಗಿಯ ಬಸ್ಸಂತೂ ರಾಮನಗರಕ್ಕೆ ಹತ್ತು ಸಲ ವಾಪಸು ಬರುತ್ತದೆ. ತಪ್ಪಿದ ಸಾಲನ್ನೇ ಮತ್ತೆ ಮತ್ತೆ ನುಡಿಸುತ್ತಾಳೆ, ನಡುವೆ ನಿಲ್ಲಿಸುತ್ತಾಳೆ, ಕಷ್ಟದ ಪುಟ ಹಾರಿಸುತ್ತಾಳೆ. ಕುಕ್ಕರಿನ ಸೀಟಿ ಬೇರೆ. ಸಂಶೋಧಕರು ಏಕಕಾಲಕ್ಕೆ ಹಲವು ಊಹೆಗಳನ್ನು ಹಿಡಿದು ನಡೆಯುವ ವಿಧಾನಗಳಿಂದ ಇದನ್ನೂ ಬಹುಮಟ್ಟಿಗೆ ಪಳಗಿಸಿದ್ದಾರೆ. 2015ರಲ್ಲಿ ಆಮ್‌ಸ್ಟರ್‌ಡಾಮ್‌ನ ಕನ್ಸರ್ಟ್‌ಗೆಬೌ ವಾದ್ಯವೃಂದ ರಿಚರ್ಡ್ ಸ್ಟ್ರಾಸ್‌ನ ‘ಆಲ್ಪೈನ್ ಸಿಂಫನಿ’ ನುಡಿಸಿದಾಗ ಲಿಂಟ್ಸ್‌ನವರ ಗಣಕ ಅದನ್ನು ಕೇಳುತ್ತ ಹಿಂಬಾಲಿಸಿತು.

ಆದರೂ ವೇದಿಕೆಯ ಮೇಲೆ ಹೆಚ್ಚಾಗಿ ಕಾಣುವುದು ಇಂದಿಗೂ ಆ ಮಂಕು ಪೆಡಲೇ. ಏಕೆ? ಊಹಿಸುವ ಯಂತ್ರ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾದರೂ, ಆ ಉಳಿದ ಒಂದು ಸಲ ಎಂದು ಬರುತ್ತದೆಂಬ ಅಳುಕು ವಾದಕನ ತಲೆಯಲ್ಲಿ ಕೂತುಬಿಡುತ್ತದೆ. ಪೆಡಲ್‌ಗೆ ಸಂಗೀತವೇ ತಿಳಿಯದು. ಒತ್ತಿದರೆ ಮಗುಚುತ್ತದೆ, ಒತ್ತದಿದ್ದರೆ ಸುಮ್ಮನಿರುತ್ತದೆ. ಯಾವಾಗ ಎಂಬ ತೀರ್ಮಾನ ಸಂಗೀತ ಬಲ್ಲವರ ಬಳಿಯೇ ಉಳಿಯುತ್ತದೆ. ಅದರ ದಡ್ಡತನವೇ ಅದರ ಬಲ.

ಒಬ್ಬರ ಅನುಕೂಲ, ಇನ್ನೊಬ್ಬರ ಆಸರೆ

ಈ ಸಾಧನಗಳ ನಿಜವಾದ ಬೆಲೆ ತಿಳಿಯುವುದು ಅವಿಲ್ಲದೆ ನುಡಿಸುವುದೇ ಕಷ್ಟ ಎನ್ನುವವರ ಮನೆಯಲ್ಲಿ. ದೃಷ್ಟಿ ಮಂದವಾಗಿರುವ ವಿದ್ಯಾರ್ಥಿಗೆ ಸ್ವರಗಳನ್ನು ಹಲವು ಪಟ್ಟು ಹಿಗ್ಗಿಸಬೇಕು. ಹಾಗೆ ಹಿಗ್ಗಿಸಿದರೆ ಪರದೆಯಲ್ಲಿ ಒಂದೆರಡು ಬಾರ್‌ಗಷ್ಟೇ ಜಾಗ. ನಾಲ್ಕು ಸೆಕೆಂಡಿಗೊಮ್ಮೆ ಮುಂದಕ್ಕೆ ಸರಿಸಬೇಕೆಂದರೆ ಕೈಯಲ್ಲಿ ಸಾಧ್ಯವಿಲ್ಲ, ಕಾಲಲ್ಲಿ ಸಾಧ್ಯ. ಅಂಧ ಸಂಗೀತಗಾರರಿಗೆ ಬ್ರೈಲ್ ಸ್ವರಲಿಪಿಯ ಸಾಧನಗಳನ್ನು ಮಾಡುವ ಅಮೆರಿಕದ ಡ್ಯಾನ್ಸಿಂಗ್ ಡಾಟ್ಸ್ ಸಂಸ್ಥೆ ಮಂದದೃಷ್ಟಿಯವರಿಗಾಗಿ ‘ಲೈಮ್ ಲೈಟರ್’ ಎಂಬ ಇಂಥದೇ ಪೆಡಲ್ ಸಹಿತ ಸಾಧನವನ್ನು ರೂಪಿಸಿತು. ಕಾಲು ಊನವಾದವರಿಗೆ ಹಲ್ಲಿನಲ್ಲಿ ಕಚ್ಚಿ ಒತ್ತುವ ಸ್ವಿಚ್ಚುಗಳಿವೆ; ಕೈ ನಡುಗುವ ಹಿರಿಯರಿಗೆ ತಲೆಯ ಸನ್ನೆ ಇದೆ. ವೇದಿಕೆಯ ವಾದಕರಿಗೆ ಅನುಕೂಲವಾದದ್ದು ಇವರಿಗೆ ಸಂಗೀತದ ಮನೆಯ ಬಾಗಿಲೇ ಆಗಿದೆ.

ಮನೆಯಲ್ಲೇ ಮಾಡಿ ನೋಡಿ

ಅಂಗಡಿಯ ಪೆಡಲ್‌ಗೆ ಸಾವಿರಾರು ರೂಪಾಯಿ ಬೇಕು. ಕುತೂಹಲವಿರುವ ವಿದ್ಯಾರ್ಥಿಗೆ ಮೂಲೆಗೆಸೆದ ತಂತಿಯ ಮೌಸ್ ಸಾಕು. ಗಣಕದಿಂದ ಬಿಡಿಸಿದ ಮೌಸನ್ನು ಬಿಚ್ಚಿದರೆ ಎಡ ಮತ್ತು ಬಲ ಗುಂಡಿಗಳ ಕೆಳಗೆ ಮೂರು ಮೂರು ಕಾಲುಗಳ ಪುಟ್ಟ ಸ್ವಿಚ್ಚುಗಳು ಕಾಣುತ್ತವೆ. ಮೂರರಲ್ಲಿ ಯಾವ ಎರಡು ಕಾಲುಗಳು ಗುಂಡಿ ಒತ್ತಿದಾಗ ಮಾತ್ರ ಕೂಡುತ್ತವೆ ಎಂಬುದನ್ನು ಮಲ್ಟಿಮೀಟರ್‌ನಿಂದ ಗುರುತಿಸಿ. ಆ ಎರಡಕ್ಕೆ ತೆಳು ತಂತಿ ಬೆಸೆದು ಹೊರಗೆ ತಂದು, ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಕಾಲಿಂಗ್ ಬೆಲ್ ಸ್ವಿಚ್ಚಿಗೆ ಸೇರಿಸಿ. ಒತ್ತಿದಾಗ ಮಾತ್ರ ಕೂಡಿ, ಬಿಟ್ಟಾಗ ಕಳಚುವ ಸ್ವಿಚ್ಚೇ ಬೇಕು. ದೀಪದ ಸ್ವಿಚ್ಚು ಕೆಲಸಕ್ಕೆ ಬಾರದು. ಕಬ್ಜದಿಂದ ಕೂಡಿಸಿದ ಎರಡು ಮರದ ಪಟ್ಟಿಗಳ ನಡುವೆ ಸ್ವಿಚ್ಚನ್ನು ಇಟ್ಟು, ಜತೆಗೆ ಒಂದು ಸ್ಪಂಜು ಸಿಕ್ಕಿಸಿದರೆ ಪೆಡಲ್ ಸಿದ್ಧ. ಅಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಅಂಟಿಸಿದರೆ ಜಾರುವುದಿಲ್ಲ.

ಸ್ವರಲಿಪಿಯ ಪುಟಗಳನ್ನು ಚಿತ್ರಗಳಾಗಿ ಸ್ಲೈಡ್ ಪ್ರದರ್ಶನಕ್ಕೆ ಹಾಕಿ ತೆರೆದರೆ, ಮೌಸಿನ ಎಡಗುಂಡಿ ಒತ್ತಿದಾಗಲೆಲ್ಲ ಮುಂದಿನ ಪುಟ ಬರುತ್ತದೆ. ಯು.ಎಸ್.ಬಿ. ತಂತಿಯಲ್ಲಿ ಹರಿಯುವುದು ಬರೀ 5 ವೋಲ್ಟ್. ಶಾಕ್ ಹೊಡೆಯುವ ಭಯವಿಲ್ಲ. ಬೆಸುಗೆ ಕಡ್ಡಿಯ ಬಿಸಿಯ ಬಗ್ಗೆ ಮಾತ್ರ ಹಿರಿಯರು ಹತ್ತಿರವಿರಲಿ.

ಹೆತ್ತವರಿಗೆ ನಾಲ್ಕು ಮಾತು

ಟ್ಯಾಬ್ಲೆಟ್ ಕೊಡಿಸುವ ಮೊದಲು ಮಗುವಿಗೆ ಅದು ಬೇಕೇ ಎಂದು ನೋಡಿ. ಆರಂಭದ ವರ್ಷಗಳ ಪಾಠಗಳು ಒಂದೆರಡು ಪುಟದವು. ಮಗುಚುವ ಪ್ರಶ್ನೆಯೇ ಏಳದು. ಕೃತಿಗಳು ಉದ್ದವಾದ ಮೇಲೆ ಕೊಡಿಸಿದರೆ ಸಾಕು. ಕೊಡಿಸಿದರೆ ಅಭ್ಯಾಸದ ವೇಳೆ ಸಂದೇಶಗಳು ಇಣುಕದಂತೆ, ಪರದೆ ತಾನಾಗಿ ಆರದಂತೆ ಮಾಡಿ. ಪರೀಕ್ಷೆಗೋ ಕಾರ್ಯಕ್ರಮಕ್ಕೋ ಹೋಗುವಾಗ ಟ್ಯಾಬ್ಲೆಟ್‌ಗೂ ಪೆಡಲ್‌ಗೂ ಹಿಂದಿನ ರಾತ್ರಿಯೇ ಚಾರ್ಜ್ ತುಂಬಿಸಿ. ಪರೀಕ್ಷೆಯಲ್ಲಿ ಟ್ಯಾಬ್ಲೆಟ್‌ಗೆ ಅನುಮತಿ ಇದೆಯೇ ಎಂದು ಆಯಾ ಮಂಡಳಿಯ ಆ ವರ್ಷದ ನಿಯಮಾವಳಿಯಲ್ಲಿ ಓದಿಕೊಳ್ಳಿ. ಏನೇ ಆಗಲಿ, ಚೀಲದಲ್ಲಿ ಕಾಗದದ ಪ್ರತಿಯೊಂದು ಇರಲಿ. ವಿದ್ಯುತ್ತಿನ ಹಂಗಿಲ್ಲದ್ದು ಅದೊಂದೇ.

ಪುಕ್ಕಟೆ ಸಿಗುವುದೆಲ್ಲ ನ್ಯಾಯವಾಗಿ ನಮ್ಮದಲ್ಲ ಎಂಬುದನ್ನೂ ಮಕ್ಕಳಿಗೆ ತಿಳಿಸಿ. ಭಾರತದಲ್ಲಿ ರಚನೆಕಾರ ತೀರಿಕೊಂಡ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ಬೀಥೊವನ್ ಎಲ್ಲರವನು, ಇಂದು ಬದುಕಿರುವ ರಚನೆಕಾರನ ಪುಸ್ತಕವನ್ನು ಕೊಂಡೇ ನುಡಿಸಬೇಕು.

ಇನ್ನೊಂದು ಮಾತು ಪುಟ ಮಗುಚುವ ಪೆಟ್ಟಿನ ಕುರಿತು. ಪೆಡಲ್ ಎಲ್ಲಿ ಒತ್ತಬೇಕೆಂದು ಸ್ವರಲಿಪಿಯಲ್ಲೇ ಗುರುತು ಹಾಕಿಕೊಂಡು, ಅದನ್ನೂ ಒಂದು ಸ್ವರವೆಂಬಂತೆ ಅಭ್ಯಾಸ ಮಾಡಿಸುವುದು ಒಳ್ಳೆಯದು. ಕಾರ್ಯಕ್ರಮದ ದಿನ ಮೊದಲ ಬಾರಿಗೆ ಕಾಲಿಟ್ಟರೆ ಗಾಬರಿಯಲ್ಲಿ ಕಾಲು ಎರಡು ಸಲ ಒತ್ತುತ್ತದೆ. ಕಾಗದದ ಕಾಲದ ಅಂಟಿದ ಹಾಳೆಯೇ ಹೊಸ ವೇಷದಲ್ಲಿ ಬಂದಂತೆ!

ಖಾಲಿ ಕುರ್ಚಿ

ಕೊನೆಗೆ ಆ ಖಾಲಿ ಕುರ್ಚಿಯ ಮಾತು. ಪಶ್ಚಿಮದ ಊರುಗಳಲ್ಲಿ ಪುಟ ಮಗುಚಲು ಕೂರುತ್ತಿದ್ದವರು ಬಹುಮಟ್ಟಿಗೆ ಸಂಗೀತ ವಿದ್ಯಾರ್ಥಿಗಳು. ಸಂಭಾವನೆ ಅಲ್ಪ, ಹೆಸರು ಇಲ್ಲ. ಆದರೆ ದೊಡ್ಡ ವಾದಕರ ಬೆರಳುಗಳಿಂದ ಒಂದು ಮೊಳ ದೂರದಲ್ಲಿ ಕೂತು, ಅವರ ಉಸಿರಿನ ಏರಿಳಿತ ಕೇಳುತ್ತ, ಅವರು ಓದುವ ಸಾಲನ್ನೇ ಅವರ ವೇಗದಲ್ಲೇ ಓದುವ ಭಾಗ್ಯ ಅವರದಾಗಿತ್ತು. ಟಿಕೆಟ್ ಕೊಂಡ ಯಾವ ಕೇಳುಗನಿಗೂ ಆ ಜಾಗ ಸಿಗುತ್ತಿರಲಿಲ್ಲ. ನಮ್ಮಲ್ಲಿ ಗುರುವಿನ ಹಿಂದೆ ಕೂತು ತಂಬೂರಿ ಮೀಟುವ ಶಿಷ್ಯ ಕಲಿಯುವುದೂ ಹೀಗೆಯೇ ಅಲ್ಲವೆ?

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವುದು ಲೋಕದ ರೂಢಿ. ಪೆಡಲ್ ಬಂದಿದೆ, ಅದು ಕೈಗೆ ಬಿಡುವು ಕೊಟ್ಟಿದೆ, ಒಳ್ಳೆಯದೇ. ಆದರೆ ಮನೆಯಲ್ಲಿ ಪಿಯಾನೊ ಕಲಿಯುವ ಮಗುವಿದ್ದರೆ, ಅದರ ಗುರುಗಳು ನುಡಿಸುವ ದಿನ ಒಂದು ಮಾತು ಕೇಳಿ ನೋಡಿ: ‘ಸರ್, ಇವತ್ತು ಪುಟ ಮಗುಚಲು ನಮ್ಮ ಹುಡುಗಿ ಕೂರಲೇ?’ ಅವಳು ಅಂದು ಕಲಿತು ಬರುವುದನ್ನು ಯಾವ ಗುಂಡಿ ಒತ್ತಿದರೂ ಪಡೆಯಲಾಗದು.